ನೀರುಹಕ್ಕಿಗಳು ತಿನ್ನುವುದನ್ನು ನೋಡುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಕೆರೆ, ಜೌಗು, ಅಳಿವೆಗೆ ಹಕ್ಕಿ ನೋಡಲು ಹೋಗಿ ಬಂದವರು ಹೇಳುವ ಮಾತು ಹೆಚ್ಚುಕಮ್ಮಿ ಒಂದೇ. "ಹಕ್ಕಿಗಳೇನೋ ಇದ್ದವು, ನಾವು ಹೋಗುವಷ್ಟರಲ್ಲಿ ಎದ್ದು ಹೋದವು." ಇಲ್ಲವೇ, "ದೂರದಲ್ಲಿ ಚುಕ್ಕಿಗಳ ಹಾಗೆ ಕಂಡವು, ಏನು ತಿನ್ನುತ್ತಿದ್ದವೋ ಗೊತ್ತಾಗಲಿಲ್ಲ." ಇನ್ನು ಕೆಲವರು, "ಬಾತುಗಳು ಇಡೀ ಹೊತ್ತು ನಿದ್ದೆ ಮಾಡುತ್ತಿದ್ದವು" ಅನ್ನುತ್ತಾರೆ.

ಮೂರಕ್ಕೂ ಕಾರಣ ಕೆಲಸದ ಕ್ರಮ ತಪ್ಪಿರುವುದು. ಹೆಚ್ಚಿನವರು ಮೊದಲು ಹಕ್ಕಿ ಹುಡುಕುತ್ತಾರೆ, ಆಮೇಲೆ ಹತ್ತಿರ ಹೋಗುತ್ತಾರೆ, ಕೊನೆಗೆ ಕೂರಲು ಜಾಗ ನೋಡುತ್ತಾರೆ. ಇದನ್ನು ತಿರುವುಮುರುವು ಮಾಡಬೇಕು. ಮೊದಲು ನೀರು ನೋಡಿ, ಆಮೇಲೆ ಕೂರುವ ಜಾಗ, ಹಕ್ಕಿ ಕೊನೆಗೆ. ತಿನ್ನುತ್ತಿರುವ ಹಕ್ಕಿ ತಿನ್ನುತ್ತಲೇ ಇರಬೇಕು. ನೀವು ಬಂದಿರಿ ಅಂತ ಅದು ತಲೆ ಎತ್ತಿದರೆ, ನೀವು ನೋಡಲು ಬಂದದ್ದು ಅಲ್ಲಿಗೇ ನಿಂತಿತು.

## ಹಂತ 1: ಮನೆಯಲ್ಲೇ ಸಾಮಾನು ಹೊಂದಿಸಿಕೊಳ್ಳಿ

ಬೇಕಾದ್ದು ಜಾಸ್ತಿ ಏನಿಲ್ಲ. ಒಂದು ಬೈನಾಕ್ಯುಲರ್, ಕೂರಲು ಮಡಚುವ ಸ್ಟೂಲ್ ಅಥವಾ ದಪ್ಪ ಚಾಪೆಯ ತುಂಡು, ಚಿಕ್ಕ ನೋಟ್‌ಬುಕ್, ಪೆನ್ಸಿಲ್, ಸೆಕೆಂಡ್ ತೋರಿಸುವ ಗಡಿಯಾರ, ಟೋಪಿ, ಕುಡಿಯುವ ನೀರು. ಪೆನ್ನಿಗಿಂತ ಪೆನ್ಸಿಲ್ ಒಳ್ಳೆಯದು. ಇಬ್ಬನಿಗೆ ಒದ್ದೆಯಾದ ಹಾಳೆಯ ಮೇಲೆ ಅದರ ಬರಹ ಹರಡುವುದಿಲ್ಲ.

ಬೈನಾಕ್ಯುಲರ್ ಮೇಲೆ 8×42 ಅಂತಲೋ 10×42 ಅಂತಲೋ ಬರೆದಿರುತ್ತದೆ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಇವೆರಡರಲ್ಲಿ ಯಾವುದಾದರೂ ಈ ಕೆಲಸಕ್ಕೆ ಸಾಕು. 16 ಪಟ್ಟಿನದು ಕೊಂಡರೆ ಇನ್ನೂ ಚೆನ್ನಾಗಿ ಕಾಣುತ್ತದೆ ಅನ್ನುವುದು ತಪ್ಪು ಲೆಕ್ಕ. ಕೈ ನಡುಗುವುದೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ, ಕಾಣುವ ಜಾಗ ಕಿರಿದಾಗುತ್ತದೆ, ಬೆಳಗಿನ ಮಬ್ಬಿನಲ್ಲಿ ಎಲ್ಲವೂ ಕಪ್ಪುಕಪ್ಪಾಗಿ ಕಾಣುತ್ತದೆ.

ಬೈನಾಕ್ಯುಲರ್ ಇದ್ದೂ ಮಸುಕಾಗಿ ಕಾಣುತ್ತದೆ ಅನ್ನುವವರಲ್ಲಿ ಬಹಳ ಜನ ಅದನ್ನು ತಮ್ಮ ಕಣ್ಣಿಗೆ ಹೊಂದಿಸಿಕೊಂಡೇ ಇರುವುದಿಲ್ಲ. ಹೀಗೆ ಮಾಡಿ:

1. ಸ್ವಲ್ಪ ದೂರದಲ್ಲಿರುವ ಒಂದು ಬೋರ್ಡನ್ನೋ ಎಲೆಯನ್ನೋ ಆರಿಸಿಕೊಳ್ಳಿ.
2. ಬಲಗಣ್ಣು ಮುಚ್ಚಿ. ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ.
3. ಈಗ ಎಡಗಣ್ಣು ಮುಚ್ಚಿ. ನಡುವಿನ ಚಕ್ರ ಮುಟ್ಟಬೇಡಿ. ಬಲಗಡೆಯ ಕಣ್ಣುಗಾಜಿನ ಬಳಿ ಇರುವ ಉಂಗುರವನ್ನು ತಿರುಗಿಸಿ ಬಲಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ.
4. ಆ ಉಂಗುರ ಎಲ್ಲಿ ನಿಂತಿದೆ ನೆನಪಿಡಿ. ಇನ್ನು ಮುಂದೆ ನಡುವಿನ ಚಕ್ರ ಒಂದನ್ನೇ ತಿರುಗಿಸಿದರೆ ಸಾಕು.

ಕನ್ನಡಕ ಹಾಕುವವರು ಕಣ್ಣಿನ ಬಳಿಯ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಿಕೊಳ್ಳಬೇಕು ಅಥವಾ ಮಡಚಿಕೊಳ್ಳಬೇಕು. ಇಲ್ಲದಿದ್ದರೆ ಕೊಳವೆಯೊಳಗೆ ಇಣುಕಿದ ಹಾಗೆ ಕಾಣುತ್ತದೆ.

ಟ್ರೈಪಾಡ್ ಮೇಲೆ ನಿಲ್ಲಿಸುವ ಸ್ಪಾಟಿಂಗ್ ಸ್ಕೋಪ್, ಅಂದರೆ ಒಂದೇ ಕಣ್ಣಲ್ಲಿ ನೋಡುವ ಚಿಕ್ಕ ದೂರದರ್ಶಕ, ಇದ್ದರೆ ದೂರದ ಕೆಸರುಬಯಲಿನಲ್ಲಿ ತುಂಬ ಉಪಯೋಗ. 20 ಪಟ್ಟಿನಿಂದ ಶುರು ಮಾಡಿ, ಹಕ್ಕಿ ಸಿಕ್ಕ ಮೇಲೆ ಹೆಚ್ಚಿಸಿ. ಬಿಸಿಲೇರಿದ ಮೇಲೆ 60 ಪಟ್ಟಿಗೆ ಏರಿಸಿದರೆ ಬರೀ ಕುದಿಯುವ ಗಾಳಿ ಕಾಣುತ್ತದೆ. ಗಾಜಿನಲ್ಲಿ ಏನೋ ದೋಷ ಅಂದುಕೊಳ್ಳಬೇಡಿ.

ಕ್ಯಾಮೆರಾ ಬಗ್ಗೆ ನನ್ನದು ಒಂದು ಮಾತು. ಮೊದಲ ನಾಲ್ಕೈದು ಸಲ ಮನೆಯಲ್ಲೇ ಬಿಟ್ಟು ಹೋಗಿ. ಕ್ಯಾಮೆರಾ ಕೈಯಲ್ಲಿದ್ದರೆ ಇನ್ನೊಂದು ಹೆಜ್ಜೆ ಮುಂದೆ ಹೋಗೋಣ ಅನಿಸುತ್ತಲೇ ಇರುತ್ತದೆ. ಆ ಒಂದು ಹೆಜ್ಜೆಯೇ ಎಲ್ಲವನ್ನೂ ಕೆಡಿಸುವುದು.

## ಹಂತ 2: ಹಕ್ಕಿಯ ಊಟದ ಹೊತ್ತಿಗೆ ಹೋಗಿ

ಬೆಳಗ್ಗೆ ಹತ್ತು ಗಂಟೆಗೆ ಹೋಗಿ ಬಾತುಗಳು ಮಲಗಿವೆ ಅಂದರೆ ಅವುಗಳ ತಪ್ಪೇನಿಲ್ಲ. ಬಹಳಷ್ಟು ಬಾತುಗಳು ರಾತ್ರಿ ಮೇಯುತ್ತವೆ, ಹಗಲು ನೀರಿನ ನಡುವೆ ತೇಲುತ್ತಾ ಕೊಕ್ಕನ್ನು ಬೆನ್ನಿನ ಗರಿಯೊಳಗೆ ಸಿಕ್ಕಿಸಿ ವಿಶ್ರಾಂತಿ ತೆಗೆದುಕೊಳ್ಳುತ್ತವೆ. ಅವು ತಿನ್ನುವುದು ಕಾಣಬೇಕಾದರೆ ಸೂರ್ಯ ಹುಟ್ಟಿದ ಮೊದಲ ಎರಡು ಗಂಟೆ, ಇಲ್ಲವೇ ಮುಳುಗುವ ಮುಂಚಿನ ಎರಡು ಗಂಟೆ ಒಳ್ಳೆಯದು. ಮೋಡ ಕವಿದ ಚಳಿಯ ದಿನವಾದರೆ ಹಗಲಿಡೀ ಮೇಯುವುದೂ ಉಂಟು.

ಸಮುದ್ರದ ಉಬ್ಬರ ಇಳಿತ ಬರುವ ಅಳಿವೆಗಳಲ್ಲಿ ಗಡಿಯಾರದ ಲೆಕ್ಕವೇ ಬೇರೆ. ಅಲ್ಲಿ ನಡೆದಾಡುವ ಹಕ್ಕಿಗಳಿಗೆ ಸೂರ್ಯನಿಗಿಂತ ನೀರು ಮುಖ್ಯ. ಉಬ್ಬರ ತುಂಬಿದಾಗ ಕೆಸರು ಮುಚ್ಚಿಹೋಗುತ್ತದೆ, ಹಕ್ಕಿಗಳು ದಿಬ್ಬದ ಮೇಲೆ ಒತ್ತಾಗಿ ನಿಂತು ಕಾಯುತ್ತವೆ. ನೀರು ಇಳಿಯಲು ಶುರುವಾಗಿ ದಂಡೆಯ ಪಕ್ಕದ ಕೆಸರು ಮೊದಲು ಬಯಲಾದಾಗ ಹಸಿದ ಹಕ್ಕಿಗಳೆಲ್ಲ ಅಲ್ಲಿಗೇ ಇಳಿಯುತ್ತವೆ. ನೀವು ಕೂತಿರಬೇಕಾದ ಹೊತ್ತು ಅದು. ಪೂರ್ತಿ ಇಳಿತವಾದಾಗ ಹೋದರೆ ಅವು ಅರ್ಧ ಕಿಲೋಮೀಟರ್ ಆಚೆ ನೀರಿನಂಚಿನಲ್ಲಿರುತ್ತವೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹೋದ ವಾರ ಸಿಕ್ಕ ಹೊತ್ತಿಗೇ ಈ ವಾರ ಹೋದರೆ ಸಿಗುವುದಿಲ್ಲ. ಆಯಾ ಜಾಗದ ಉಬ್ಬರದ ಪಟ್ಟಿ ನೋಡಿಕೊಂಡೇ ಹೊರಡಿ.

ಉಬ್ಬರವಿಲ್ಲದ ಕೆರೆಗಳಲ್ಲಿ ನೀರು ಬತ್ತುತ್ತಾ ಬರುವ ವಾರಗಳನ್ನು ಬಿಡಬೇಡಿ. ಮೀನು ಸಣ್ಣ ಗುಂಡಿಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಹೊಸ ಕೆಸರು ದಿನಾ ಬಯಲಾಗುತ್ತದೆ.

## ಹಂತ 3: ಹಕ್ಕಿಗಿಂತ ಮೊದಲು ನೀರನ್ನು ಓದಿ

ದೂರದ ಒಂದು ಎತ್ತರದ ಜಾಗದಿಂದ ಐದು ನಿಮಿಷ ಇಡೀ ನೀರನ್ನು ನೋಡಿ. ಎಲ್ಲಿ ಎಷ್ಟು ಆಳ ಎಂಬುದು ಗೊತ್ತಾದರೆ ಯಾವ ಹಕ್ಕಿ ಎಲ್ಲಿ ತಿನ್ನುತ್ತದೆ ಎಂಬುದು ಮುಕ್ಕಾಲು ಪಾಲು ಗೊತ್ತಾದ ಹಾಗೆ.

ನೀರಿಲ್ಲದ, ಹೊಳೆಯುವ ಹಸಿ ಕೆಸರು ಪ್ಲೋವರ್‌ಗಳಂಥ ಗಿಡ್ಡ ಕೊಕ್ಕಿನ ಸಣ್ಣ ಹಕ್ಕಿಗಳ ಜಾಗ. ನಾಲ್ಕೈದು ಸೆಂಟಿಮೀಟರ್ ನೀರಿನಲ್ಲಿ ಗದ್ದೆಗೊರವಗಳು ಓಡಾಡುತ್ತವೆ. ಅದಕ್ಕಿಂತ ಆಳವಾದ ಕಡೆ ಮೆಟ್ಟುಗಾಲು ಹಕ್ಕಿ, ಬೆಳ್ಳಕ್ಕಿ, ಚಮಚ ಕೊಕ್ಕಿನ ಹಕ್ಕಿ. ಬಾಲ ಮೇಲೆತ್ತಿ ತಲೆ ಮುಳುಗಿಸುವ ಬಾತುಗಳಿಗೆ ಕತ್ತು ತಳಕ್ಕೆ ಎಟುಕುವಷ್ಟು ಆಳ ಬೇಕು. ಅದರಾಚೆ, ತೆರೆದ ಆಳದ ನೀರಿನಲ್ಲಿ ಮುಳುಗು ಹಾಕುವ ಬಾತು, ಗುಳುಮುಳುಕ, ನೀರುಕಾಗೆ.

ಆಳ ಅಳೆಯಲು ನೀರಿಗಿಳಿಯಬೇಕಿಲ್ಲ. ಮೆಟ್ಟುಗಾಲು ಹಕ್ಕಿಯೇ ಅಳತೆಕೋಲು. ಅದರ ಗುಲಾಬಿ ಕಾಲಿನ ಉದ್ದ ಹತ್ತಿರ ಹತ್ತಿರ 20 ಸೆಂಟಿಮೀಟರ್. ಹೊಟ್ಟೆಗೆ ನೀರು ತಾಗುತ್ತಿದ್ದರೆ ಅಲ್ಲಿ ಅಷ್ಟು ಆಳ. ಕಾಲಿನ ನಡುವೆ ಹಿಂದಕ್ಕೆ ಮಡಚುವ ಕೀಲು ಕಾಣುತ್ತದಲ್ವಾ, ಅದನ್ನು ಎಲ್ಲರೂ ಮೊಣಕಾಲು ಅನ್ನುತ್ತಾರೆ. ನಿಜಕ್ಕೂ ಅದು ಹಿಮ್ಮಡಿಯ ಗಂಟು, ಮೊಣಕಾಲು ಮೇಲೆ ಗರಿಯೊಳಗಿದೆ. ನೋಟ್‌ಬುಕ್ಕಿನಲ್ಲಿ "ಗಂಟಿನವರೆಗೆ ನೀರು" ಅಂತ ಬರೆದರೆ ಸಾಕು.

ಹಕ್ಕಿಗಳಿಲ್ಲದ ಹೊತ್ತಿನಲ್ಲಿ ದಂಡೆಯ ಕೆಸರನ್ನು ಬಗ್ಗಿ ನೋಡಿ. ಮೂರು ಬೆರಳಿನ ಹೆಜ್ಜೆಗುರುತಿನ ಪಕ್ಕದಲ್ಲಿ ಸೂಜಿ ಚುಚ್ಚಿದ ಹಾಗೆ ಸಾಲುಸಾಲು ತೂತುಗಳಿದ್ದರೆ ಅದು ಕೊಕ್ಕಿನ ಗುರುತು. ನಾಳೆ ಬೆಳಗ್ಗೆ ಆ ಕಡೆಗೇ ಮುಖ ಮಾಡಿ ಕೂರಿ.

ಈಗ ಕೂರುವ ಜಾಗ ಆರಿಸಿ. ಮೂರು ವಿಷಯ ನೋಡಿಕೊಳ್ಳಿ. ಸೂರ್ಯ ನಿಮ್ಮ ಬೆನ್ನಿಗಿರಲಿ, ಇಲ್ಲದಿದ್ದರೆ ಎಲ್ಲ ಹಕ್ಕಿಯೂ ಕರೀ ನೆರಳಾಗುತ್ತದೆ. ಬೆನ್ನ ಹಿಂದೆ ಪೊದೆಯೋ ಜೊಂಡೋ ಮರವೋ ಇರಲಿ. ಏರಿಯ ನೆತ್ತಿಯ ಮೇಲೆ ಆಕಾಶಕ್ಕೆ ಎದುರಾಗಿ ನಿಂತವರು ಎಷ್ಟೇ ಮಾಸಲು ಬಟ್ಟೆ ಹಾಕಿದ್ದರೂ ಕಂಬದ ಹಾಗೆ ಕಾಣುತ್ತಾರೆ. ಮೂರನೆಯದು ಗಾಳಿ. ಜೋರು ಗಾಳಿಯ ದಿನ ಬಾತುಗಳು ಗಾಳಿ ತಡೆಯುವ ದಂಡೆಯ ಮರೆಗೆ ಸೇರುತ್ತವೆ, ಆ ಮೂಲೆಯನ್ನು ಮೊದಲೇ ಗುರುತಿಸಿ.

## ಹಂತ 4: ಹತ್ತಿರ ಹೋಗುವುದು, ಅದಕ್ಕಿಂತ ಮುಖ್ಯವಾಗಿ ನಿಲ್ಲುವುದು

ಇಲ್ಲಿಯೇ ಹೆಚ್ಚಿನವರು ಸೋಲುವುದು. ಅದಕ್ಕೇ ಇದನ್ನು ನಿಧಾನವಾಗಿ ಓದಿ.

ಆದಷ್ಟೂ ಹಕ್ಕಿಗಳು ಬರುವ ಮೊದಲೇ ಹೋಗಿ ಕೂತುಬಿಡಿ. ಕೂತವರ ಕಡೆಗೆ ಹಕ್ಕಿ ಬರುತ್ತದೆ, ನಡೆದು ಬರುವವರಿಂದ ದೂರ ಹೋಗುತ್ತದೆ. ಅವು ಆಗಲೇ ಅಲ್ಲಿದ್ದರೆ ನೇರವಾಗಿ ಅವುಗಳ ಕಡೆ ನಡೆಯಬೇಡಿ. ದಂಡೆಯ ಉದ್ದಕ್ಕೂ ಓರೆಯಾಗಿ, ಬೇರೆಲ್ಲೋ ಹೋಗುವವರ ಹಾಗೆ ನಡೆಯಿರಿ. ಹತ್ತು ಹೆಜ್ಜೆ, ನಿಲ್ಲಿ, ನೋಡಿ. ಮತ್ತೆ ಹತ್ತು ಹೆಜ್ಜೆ. ಕೈ ಬೀಸಿ ತೋರಿಸಬೇಡಿ. ಕಾರಿನಲ್ಲಿ ದಂಡೆಯವರೆಗೆ ಹೋಗುವ ದಾರಿಯಿದ್ದರೆ ಕಾರಿನೊಳಗೇ ಕೂತು ನೋಡಿ. ಕಾರಿಗೆ ಹೆದರದ ಹಕ್ಕಿ, ಅದರ ಬಾಗಿಲು ತೆಗೆದು ಇಳಿದ ಮನುಷ್ಯನಿಗೆ ಹೆದರುತ್ತದೆ.

ಹಕ್ಕಿ ಏಕಾಏಕಿ ಹಾರುವುದಿಲ್ಲ. ಮೊದಲು ಹೇಳುತ್ತದೆ. ಆ ಗುರುತುಗಳು ಸಾಮಾನ್ಯವಾಗಿ ಈ ಕ್ರಮದಲ್ಲಿ ಬರುತ್ತವೆ:

1. ಗುಂಪಿನ ಅಂಚಿನ ಒಂದೆರಡು ಹಕ್ಕಿ ತಲೆ ಎತ್ತಿ, ಕತ್ತು ನೆಟ್ಟಗೆ ಮಾಡಿ ನಿಲ್ಲುತ್ತವೆ.
2. ಹತ್ತಿರದವೆಲ್ಲ ತಿನ್ನುವುದು ನಿಲ್ಲಿಸುತ್ತವೆ. ಸಣ್ಣ ಹಕ್ಕಿಗಳು ತಲೆಯನ್ನು ಮೇಲೆ ಕೆಳಗೆ ಕುಣಿಸುತ್ತವೆ.
3. ನಡೆಯುವವು ನಿಮ್ಮಿಂದ ಆಚೆಗೆ ನಡೆಯುತ್ತವೆ. ಬಾತುಗಳು ಒತ್ತಾಗಿ ಸೇರಿ, ನಿಮಗೆ ಬೆನ್ನು ಹಾಕಿ ನಡುನೀರಿಗೆ ಈಜುತ್ತವೆ.
4. ಎಚ್ಚರಿಕೆಯ ಕೂಗು. ಟಿಟ್ಟಿಭ ಇದ್ದರೆ ಇಡೀ ಜೌಗಿಗೆ ಅದೇ ಸಾರಿಬಿಡುತ್ತದೆ.
5. ಎಲ್ಲವೂ ಏಳುತ್ತವೆ.

ಒಂದನೆಯ ಗುರುತಿಗೇ ನಿಂತುಬಿಡಿ, ಅಲ್ಲೇ ಕೂತುಕೊಳ್ಳಿ. ಎರಡನೆಯದು ಕಂಡರೆ ಬಂದ ದಾರಿಯಲ್ಲೇ ನಿಧಾನವಾಗಿ ಹತ್ತಿಪ್ಪತ್ತು ಹೆಜ್ಜೆ ಹಿಂದೆ ಹೋಗಿ. ಮೂರನೆಯದು ಕಂಡ ಮೇಲೂ ಮುಂದೆ ಹೋದರೆ ಐದನೆಯದು ಗ್ಯಾರಂಟಿ. ಎಷ್ಟು ಮೀಟರ್ ದೂರ ಇರಬೇಕು ಅಂತ ಬಹಳ ಜನ ಕೇಳುತ್ತಾರೆ. ಎಲ್ಲ ಕಡೆಗೂ ಒಪ್ಪುವ ಒಂದು ಅಂಕಿ ಇಲ್ಲ. ದೊಡ್ಡ ಹಕ್ಕಿಗಳು ಸಾಮಾನ್ಯವಾಗಿ ಸಣ್ಣವಕ್ಕಿಂತ ದೂರದಲ್ಲೇ ಏಳುತ್ತವೆ. ಬೇಟೆಯಾಡುವ ಕಡೆಯ ಬಾತುಗಳು ಇನ್ನೂ ದೂರದಲ್ಲೇ. ಗುಂಪಿನಲ್ಲಿ ಎಲ್ಲಕ್ಕಿಂತ ಅಂಜುಬುರುಕ ಯಾವುದೋ ಅದಕ್ಕೆ ಒಪ್ಪುವ ದೂರವೇ ನಿಮ್ಮ ದೂರ.

ಒಂದು ಸಲ ಎಬ್ಬಿಸಿದರೆ ಏನು ಮಹಾ ಅನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. 2022ರ ಅಕ್ಟೋಬರ್‌ನಲ್ಲಿ ಗಾಡ್‌ವಿಟ್ ಎಂಬ ಉದ್ದ ಕೊಕ್ಕಿನ ಕೆಸರುಹಕ್ಕಿಯ ಐದು ತಿಂಗಳ ಒಂದು ಮರಿ ಅಲಾಸ್ಕದಿಂದ ಟಾಸ್ಮೇನಿಯಾಕ್ಕೆ ಎಲ್ಲೂ ಇಳಿಯದೆ 11 ದಿನ ಹಾರಿತು. ದೂರ ಸುಮಾರು 13,560 ಕಿಲೋಮೀಟರ್. ಆ ಹಾರಾಟಕ್ಕೆ ಬೇಕಾದ ಕೊಬ್ಬೆಲ್ಲ ಹೊರಡುವ ಮುಂಚೆ ಕೆಸರಿನಲ್ಲಿ ಕುಕ್ಕಿ ಕುಕ್ಕಿ ಕೂಡಿಟ್ಟದ್ದು. ನಿಮ್ಮ ಮುಂದೆ ಕೆಸರು ಕೆದಕುತ್ತಿರುವ ಹಕ್ಕಿಯೂ ಇಂಥದೇ ದಾರಿಗೆ ಬುತ್ತಿ ಕಟ್ಟಿಕೊಳ್ಳುತ್ತಿರಬಹುದು. ಎಬ್ಬಿಸಿದಾಗ ತಿನ್ನುವ ಹೊತ್ತೂ ಹೋಗುತ್ತದೆ, ಕೂಡಿಟ್ಟದ್ದೂ ಕರಗುತ್ತದೆ.

ನೀವು ಅಲ್ಲಾಡದೆ ಕೂತಿದ್ದಾಗಲೂ ಎಲ್ಲವೂ ಒಮ್ಮೆಲೇ ಎದ್ದರೆ ಗಾಬರಿಯಾಗಬೇಡಿ. ಮೇಲೆ ನೋಡಿ. ಜೊಂಡಿನ ಮೇಲೆ ತಗ್ಗಿನಲ್ಲಿ ತೇಲುತ್ತಾ ಬರುವ ಹ್ಯಾರಿಯರ್ ಇರಬಹುದು, ಫಾಲ್ಕನ್ ಇರಬಹುದು. ಕದಲದೆ ಇರಿ. ಬೇಟೆಗಾರ ಹೋದ ಮೇಲೆ ಬಹಳ ಸಲ ಅವು ಅಲ್ಲಿಗೇ ಮರಳಿ ಇಳಿಯುತ್ತವೆ.

## ಹಂತ 5: ಮೊದಲ ಹದಿನೈದು ನಿಮಿಷ ಸುಮ್ನೆ ಕೂರಿ

ಕೂತ ತಕ್ಷಣ ಬೈನಾಕ್ಯುಲರ್ ಕಣ್ಣಿಗೆ ಹಿಡಿಯಬೇಡಿ. ಬರಿಗಣ್ಣಿನಲ್ಲಿ ನೋಡಿ. ಎಲ್ಲಿ ಚಲನೆ ಇದೆ, ಯಾವ ಕಡೆಗೆ ಸಾಗುತ್ತಿವೆ, ಯಾವ ಜಾಗಕ್ಕೆ ಪದೇ ಪದೇ ಬರುತ್ತಿವೆ ಎನ್ನುವುದು ಬರಿಗಣ್ಣಿಗೇ ಚೆನ್ನಾಗಿ ಕಾಣುವುದು. ಅಷ್ಟರಲ್ಲಿ ಅವುಗಳೂ ನಿಮಗೆ ಹೊಂದಿಕೊಳ್ಳುತ್ತವೆ.

ಬೈನಾಕ್ಯುಲರ್ ಎತ್ತುವಾಗ ಕಣ್ಣನ್ನು ಹಕ್ಕಿಯ ಮೇಲೇ ಇಟ್ಟು, ಅದನ್ನು ಕಣ್ಣಿನ ಬಳಿಗೆ ತನ್ನಿ. ಕೆಳಗೆ ನೋಡಿ ಕಣ್ಣಿಗಿಟ್ಟು ಆಮೇಲೆ ಹುಡುಕಹೊರಟರೆ ಸಿಗುವುದಿಲ್ಲ. ಮೊಣಕೈಗಳನ್ನು ಮಂಡಿಯ ಮೇಲೆ ಊರಿದರೆ ನಡುಕ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

## ಹಂತ 6: ಹೆಸರಿಗಿಂತ ಮೊದಲು ತಿನ್ನುವ ರೀತಿ ಗುರುತಿಸಿ

"ಅದು ಯಾವ ಹಕ್ಕಿ?" ಎಂದು ಪುಸ್ತಕ ತಿರುವುತ್ತಾ ಕೂತರೆ ಅಷ್ಟರಲ್ಲಿ ಅದು ನಾಲ್ಕು ಸಲ ತಿಂದಿರುತ್ತದೆ. ಹೆಸರು ಆಮೇಲೆ ನೋಡಿಕೊಳ್ಳಬಹುದು. ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಇದು ಕಣ್ಣಲ್ಲಿ ನೋಡಿ ಹಿಡಿಯುತ್ತಿದೆಯಾ, ಕೊಕ್ಕಲ್ಲಿ ತಡಕಿ ಹಿಡಿಯುತ್ತಿದೆಯಾ, ಇಲ್ಲ ಸೋಸುತ್ತಿದೆಯಾ?

ನೋಡಿ ಹಿಡಿಯುವವು. ಇವುಗಳ ನಡಿಗೆಯಲ್ಲಿ ನಿಲುಗಡೆ ಇರುತ್ತದೆ. ಪ್ಲೋವರ್ ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಒಂದು ಸಲ ಕುಕ್ಕಿ, ಮತ್ತೆ ಓಡುತ್ತದೆ. ದೊಡ್ಡ ಕಣ್ಣು, ಗಿಡ್ಡ ಕೊಕ್ಕು. ಕೆಲವು ಒಂದು ಕಾಲನ್ನು ಮುಂದಿಟ್ಟು ಕೆಸರನ್ನು ಪಟಪಟ ನಡುಗಿಸುವುದೂ ಉಂಟು, ಒಳಗಿನ ಹುಳು ಅಲುಗಾಡಿ ತನ್ನ ಜಾಗ ತಾನೇ ತೋರಿಸಲಿ ಅಂತ. ಬೂದು ಬಕ ಕಲ್ಲಿನ ಹಾಗೆ ನಿಲ್ಲುತ್ತದೆ. ಅದು ಹೊಡೆಯುವುದನ್ನು ನೋಡಬೇಕಾದರೆ ಕತ್ತಿನ ಮೇಲೆ ಕಣ್ಣಿಡಿ. ಕತ್ತು ನಿಧಾನವಾಗಿ ಎಸ್ ಆಕಾರಕ್ಕೆ ಮಡಚಿಕೊಳ್ಳುತ್ತಿದ್ದರೆ ಇನ್ನೇನು ಹೊಡೆಯುತ್ತದೆ. ಸಣ್ಣ ಬೆಳ್ಳಕ್ಕಿ ಕಂಡರೆ ಕೊಕ್ಕನ್ನು ಬಿಟ್ಟು ಕಾಲು ನೋಡಿ. ಕರೀ ಕಾಲಿನ ತುದಿಯಲ್ಲಿ ಹಳದಿ ಪಾದ. ಅದನ್ನು ನೀರಿನೊಳಗೆ ಅಲ್ಲಾಡಿಸಿ ಮೀನನ್ನು ಹೊರಗೆಬ್ಬಿಸುತ್ತದೆ.

ತಡಕಿ ಹಿಡಿಯುವವು. ಇವುಗಳ ಕೊಕ್ಕು ನೀರಿನಿಂದ ಆಚೆ ಬರುವುದೇ ಅಪರೂಪ, ಕಣ್ಣು ಬೇಟೆಯ ಕಡೆ ಇರುವುದಿಲ್ಲ. ಉಲ್ಲಂಕಿ, ಅಂದರೆ ಸ್ನೈಪ್, ಹೊಲಿಗೆ ಯಂತ್ರದ ಸೂಜಿಯ ಹಾಗೆ ಉದ್ದ ಕೊಕ್ಕನ್ನು ಕೆಸರಿಗೆ ಇಳಿಸಿ ಎತ್ತಿ ಇಳಿಸಿ ಎತ್ತುತ್ತದೆ. ಕೊಕ್ಕಿನ ತುದಿಯಲ್ಲಿ ಸ್ಪರ್ಶ ತಿಳಿಯುವ ನರಗಳು ತುಂಬಿವೆ. ಇಡೀ ಕೊಕ್ಕು ಮುಚ್ಚಿದ್ದು ತುದಿಯನ್ನಷ್ಟೇ ತೆರೆಯಲೂ ಅದಕ್ಕೆ ಬರುತ್ತದೆ, ಹಾಗಾಗಿ ಕೆಸರಿನ ಒಳಗೇ ಹುಳುವನ್ನು ಕಚ್ಚಿ ಹಿಡಿಯುತ್ತದೆ. ಆ ತುದಿ ತೆರೆಯುವ ಕ್ಷಣ ನಮಗೆ ಕಾಣದು. ಇಳಿಸುವ ಲಯ ಒಮ್ಮೆ ತಪ್ಪಿ, ಕೊಕ್ಕು ಒಂದೇ ತೂತಿನಲ್ಲಿ ತುಸು ತಡವಾಗಿ ನಿಂತರೆ ಏನೋ ಸಿಕ್ಕಿದೆ ಅಂತ ತಿಳಿಯಿರಿ.

ಕೊಕ್ಕರೆಗಳಲ್ಲಿ ಕೆಲವು ಅರ್ಧ ತೆರೆದ ಕೊಕ್ಕನ್ನು ನೀರಿನಲ್ಲಿಟ್ಟು ನಡೆಯುತ್ತವೆ. ಅಮೆರಿಕದ ವುಡ್ ಸ್ಟಾರ್ಕ್ ಎಂಬ ಕೊಕ್ಕರೆಯಲ್ಲಿ, ಮೀನು ತಾಗಿದ ಮೇಲೆ ಕೊಕ್ಕು ಮುಚ್ಚಲು 25 ಮಿಲಿಸೆಕೆಂಡ್ ಸಾಕು ಅಂತ ಅಳೆದಿದ್ದಾರೆ. ಕಣ್ಣು ಮಿಟುಕಿಸುವುದಕ್ಕಿಂತ ಬೇಗ. ಆದ್ದರಿಂದ ಹಿಡಿಯುವುದನ್ನು ನೋಡಲು ಕಾಯಬೇಡಿ, ತಲೆ ಮೇಲಕ್ಕೆ ಬರುವುದನ್ನು ಕಾಯಿರಿ.

ಚಮಚ ಕೊಕ್ಕಿನ ಹಕ್ಕಿಯನ್ನು ಒಂದು ಬೆಳಗ್ಗೆ ಮುಕ್ಕಾಲು ಗಂಟೆ ನೋಡಿದ್ದೆ. ನೀರು ಗಂಟಿನವರೆಗೆ. ಕೊಕ್ಕು ಸ್ವಲ್ಪ ತೆರೆದು, ಎಡಕ್ಕೆ, ಬಲಕ್ಕೆ, ಎಡಕ್ಕೆ, ಹುಲ್ಲು ಕೊಯ್ಯುವ ಹಾಗೆ ಬೀಸುತ್ತಾ ನಡೆಯುತ್ತಿತ್ತು. ಪ್ರತಿ ಬೀಸಿಗೂ ಒಂದು ಹೆಜ್ಜೆ. ಹನ್ನೆರಡನೆಯದೋ ಹದಿಮೂರನೆಯದೋ ಬೀಸು ಅರ್ಧಕ್ಕೇ ನಿಂತಿತು. ತಲೆ ಮೇಲೆ ಬಂತು. ಚಮಚದ ತುದಿಯಲ್ಲಿ ಏನೋ ಒಂದು ಕ್ಷಣ ಬೆಳ್ಳಗೆ ಹೊಳೆಯಿತು. ತಲೆಯನ್ನು ಹಿಂದಕ್ಕೆ ಒಮ್ಮೆ ಕೊಡವಿತು, ಅದು ಗಂಟಲಿಗೆ ಹೋಯಿತು, ಕೊಕ್ಕಿನಿಂದ ಎರಡು ಹನಿ ನೀರು ಬಿತ್ತು. ಮತ್ತೆ ಎಡಕ್ಕೆ, ಬಲಕ್ಕೆ. ಅದನ್ನು ನೋಡಿದ ಮೇಲೆ ಗೊತ್ತಾದದ್ದು, ಬೀಸು ಅರ್ಧಕ್ಕೆ ನಿಲ್ಲುವುದನ್ನು ಕಾಯಬೇಕು ಎಂದು.

ಸೋಸುವವು. ಸಲಿಕೆಯಂಥ ಅಗಲ ಕೊಕ್ಕಿನ ಶೊವೆಲರ್ ಬಾತು ಕೊಕ್ಕನ್ನು ನೀರಿನ ಮೇಲ್ಮೈಗೆ ಹಾಸಿ ಈಜುತ್ತದೆ. ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಸಾಲು. ನೀರು ಆಚೆ ಹೋಗುತ್ತದೆ, ಸಣ್ಣ ಜೀವಿಗಳೂ ಬೀಜಗಳೂ ಒಳಗುಳಿಯುತ್ತವೆ. ಹಲವು ಶೊವೆಲರ್‌ಗಳು ಒಂದರ ಹಿಂದೆ ಒಂದು ಚಕ್ರದ ಹಾಗೆ ಸುತ್ತುವುದನ್ನು ಕಂಡರೆ ಎದ್ದು ಹೋಗಬೇಡಿ. ಸುತ್ತಿದಂತೆ ಕೆಳಗಿನ ನೀರು ಆಹಾರದ ಸಮೇತ ಮೇಲೆ ಬರುತ್ತದೆ, ಮುಂದಿನದರ ಕಾಲು ಕದಡಿದ್ದನ್ನು ಹಿಂದಿನದು ಸೋಸುತ್ತದೆ. ಹೊಸಬರು ಇದನ್ನು ಆಟ ಅಂದುಕೊಂಡು ಬಿಟ್ಟುಬಿಡುತ್ತಾರೆ. ರಾಜಹಂಸವೂ ಸೋಸುವುದೇ, ಆದರೆ ತಲೆಯನ್ನು ಬುಡಮೇಲು ಮಾಡಿ.

## ಹಂತ 7: ಬಾತುಗಳನ್ನು ಎರಡು ಗುಂಪು ಮಾಡಿ

ಬಾತುಗಳಲ್ಲಿ ಮೊದಲು ನೋಡಬೇಕಾದ್ದು ಬಣ್ಣ ಅಲ್ಲ, ಹಿಂಭಾಗ. ತಲೆ ನೀರಿಗೆ ಇಳಿಸಿದಾಗ ಬಾಲ ಆಕಾಶಕ್ಕೆ ನಿಂತರೆ ಅದು ಮೇಲ್ನೀರಿನ ಬಾತು. ಇಡೀ ಹಕ್ಕಿಯೇ ಮಾಯವಾದರೆ ಮುಳುಗುವ ಬಾತು. ಮುಳುಗುವವುಗಳ ರೆಕ್ಕೆ ಮೈಯ ತೂಕಕ್ಕೆ ಚಿಕ್ಕದಾದ್ದರಿಂದ ಹಾರುವ ಮುಂಚೆ ನೀರಿನ ಮೇಲೆ ಓಡುತ್ತವೆ. ಮೇಲ್ನೀರಿನವು ಇದ್ದಲ್ಲಿಂದಲೇ ಚಂಗನೆ ಏಳುತ್ತವೆ.

ಮೇಲ್ನೀರಿನ ಬಾತುಗಳು ಒಂದೇ ಜಾಗದಲ್ಲಿ ಜಗಳವಿಲ್ಲದೆ ಹೇಗೆ ತಿನ್ನುತ್ತವೆ ಎಂಬುದಕ್ಕೆ ಕತ್ತನ್ನು ನೋಡಿ. ಸೂಜಿಬಾಲದ ಬಾತಿಗೆ ಉದ್ದ ಕತ್ತು, ಟೀಲ್ ಎಂಬ ಸಣ್ಣ ಬಾತಿಗೆ ಗಿಡ್ಡ ಕತ್ತು. ಒಂದಕ್ಕೆ ಎಟುಕುವ ತಳ ಇನ್ನೊಂದಕ್ಕೆ ಎಟುಕುವುದಿಲ್ಲ.

ಮುಳುಗಿದ ಹಕ್ಕಿಯನ್ನು ಕಳೆದುಕೊಳ್ಳುವುದು ಎಲ್ಲರಿಗೂ ಆಗುವುದೇ. ಅದು ಮುಳುಗಿದ ಜಾಗಕ್ಕೆ ಬೈನಾಕ್ಯುಲರ್ ನೆಟ್ಟು ಕೂರಬೇಡಿ. ಕೆಳಗಿಳಿಸಿ, ಬರಿಗಣ್ಣಿನಲ್ಲಿ ಅಗಲವಾಗಿ ನೋಡುತ್ತಾ ಸೆಕೆಂಡ್ ಎಣಿಸಿ. ಗುಳುಮುಳುಕ ಬಹಳ ಸಲ ಹತ್ತಿಪ್ಪತ್ತು ಎಣಿಸುವುದರೊಳಗೆ ಬುಳಕ್ಕನೆ ಬರುತ್ತದೆ. ನಾಲ್ಕೈದು ಸಲ ಎಣಿಸಿದರೆ ಆ ಹಕ್ಕಿಯ ಲೆಕ್ಕ ಸಿಗುತ್ತದೆ, ಬರುವ ಹೊತ್ತಿಗೆ ನೀವು ಸಿದ್ಧವಾಗಿರುತ್ತೀರಿ.

ನಾಮದ ಕೋಳಿ ಇರುವಲ್ಲಿ ಪಕ್ಕದ ಬಾತುಗಳನ್ನೂ ಗಮನಿಸಿ. ನಾಮದ ಕೋಳಿ ಮುಳುಗಿ, ಬಾಯಿ ತುಂಬ ನೀರುಗಿಡ ಕಿತ್ತು ಮೇಲೆ ಬರುತ್ತದೆ. ಅಲ್ಲೇ ತೇಲುತ್ತಿದ್ದ ಗ್ಯಾಡ್‌ವಾಲ್ ಬಾತು ಅದು ಮುಳುಗಿದಾಗಲೇ ಆ ಕಡೆಗೆ ಮುಖ ತಿರುಗಿಸಿರುತ್ತದೆ. ಮೇಲೆ ಬಂದ ತಕ್ಷಣ ಪಕ್ಕಕ್ಕೆ ನುಗ್ಗಿ, ಜೋತಾಡುವ ಹಸಿರು ಎಳೆಯ ಒಂದು ತುದಿ ಹಿಡಿದು ಎಳೆಯುತ್ತದೆ. ತಾನು ಮುಳುಗಲಾರದ ಆಳದ ಸೊಪ್ಪನ್ನು ಹೀಗೆ ಕದ್ದು ತಿನ್ನುತ್ತದೆ. ನಾಮದ ಕೋಳಿಯೊಂದನ್ನೇ ನೋಡುತ್ತಿದ್ದರೆ ಇದು ತಪ್ಪಿಹೋಗುತ್ತದೆ.

## ಹಂತ 8: ಒಂದೇ ಹಕ್ಕಿಯನ್ನು ಐದು ನಿಮಿಷ ಹಿಂಬಾಲಿಸಿ, ಬರೆಯಿರಿ

ಒಂದರಿಂದ ಇನ್ನೊಂದಕ್ಕೆ ಕಣ್ಣು ಹಾರಿಸುತ್ತಿದ್ದರೆ ನೆನಪಿನಲ್ಲಿ ಏನೂ ಉಳಿಯುವುದಿಲ್ಲ. ಪ್ರಾಣಿಗಳನ್ನು ಹೇಗೆ ಗಮನಿಸಬೇಕು ಎಂಬುದರ ಬಗ್ಗೆ ಪ್ರಾಣಿಗಳ ನಡವಳಿಕೆಯ ವಿಜ್ಞಾನಿ ಜೀನ್ ಆಲ್ಟ್‌ಮನ್ 1974ರಲ್ಲಿ ಬರೆದ ಲೇಖನದಲ್ಲಿ ವಿವರಿಸಿದ ಎರಡು ವಿಧಾನಗಳು ಇಲ್ಲಿಗೂ ಒಪ್ಪುತ್ತವೆ. ಒಂದು, ಒಂದೇ ಹಕ್ಕಿಯನ್ನು ಗೊತ್ತಾದ ಹೊತ್ತಿನವರೆಗೆ ಬಿಡದೆ ನೋಡುವುದು. ಇನ್ನೊಂದು, ಗೊತ್ತಾದ ಅಂತರಕ್ಕೊಮ್ಮೆ ಇಡೀ ಗುಂಪಿನ ಮೇಲೆ ಕಣ್ಣಾಡಿಸಿ ಯಾವುದು ಏನು ಮಾಡುತ್ತಿದೆ ಅಂತ ಎಣಿಸುವುದು. ಮೊದಲನೆಯದರಿಂದ ಶುರು ಮಾಡಿ.

1. ಹಕ್ಕಿಯನ್ನು ಮೊದಲೇ ನಿಯಮ ಮಾಡಿಕೊಂಡು ಆರಿಸಿ, ಎಡದಿಂದ ಮೂರನೆಯದು ಅಂತ. ಚುರುಕಾಗಿರುವುದನ್ನೇ ಆರಿಸಿದರೆ ಎಲ್ಲವೂ ಚುರುಕು ಅನ್ನುವ ತಪ್ಪು ಲೆಕ್ಕ ಬರುತ್ತದೆ.
2. ಒಂದು ನಿಮಿಷದಲ್ಲಿ ಎಷ್ಟು ಸಲ ಕುಕ್ಕಿತು ಎಣಿಸಿ.
3. ಮುಂದಿನ ನಿಮಿಷ ಎಷ್ಟು ಸಲ ನುಂಗಿತು ಎಣಿಸಿ. ಎರಡನ್ನೂ ಒಟ್ಟಿಗೆ ಎಣಿಸಲು ಹೋಗಬೇಡಿ.
4. ಎಷ್ಟು ಸಲ ತಲೆ ಎತ್ತಿ ಸುತ್ತ ನೋಡಿತು ಎಂಬುದನ್ನೂ ಎಣಿಸಿ.
5. ಹೊತ್ತು, ನೀರಿನ ಆಳ, ಗಾಳಿ, ಪಕ್ಕದಲ್ಲಿ ಯಾರಿದ್ದರು ಎಂಬುದನ್ನು ಸೇರಿಸಿ.

ಸಾಲು ಹೀಗಿದ್ದರೆ ಸಾಕು: "7:12, ಮೆಟ್ಟುಗಾಲು, ಗಂಟಿನ ಕೆಳಗೆ ನೀರು, 38 ಕುಕ್ಕು, 5 ನುಂಗು, 2 ಸಲ ತಲೆ ಎತ್ತಿತು."

ಕುಕ್ಕಿದ್ದೆಲ್ಲ ತಿಂದದ್ದಲ್ಲ, ಇದನ್ನು ಮರೆಯಬೇಡಿ. ದೊಡ್ಡ ಬೇಟೆ ನುಂಗಿದ್ದು ಸುಲಭವಾಗಿ ಗೊತ್ತಾಗುತ್ತದೆ. ಬಕ ಮೀನನ್ನು ತಿರುಗಿಸಿ ತಲೆ ಮುಂದಾಗಿ ಒಳಗೆ ಬಿಟ್ಟುಕೊಳ್ಳುತ್ತದೆ, ಕತ್ತಿನಲ್ಲಿ ಉಬ್ಬು ಇಳಿಯುವುದು ಕಾಣುತ್ತದೆ. ಸಣ್ಣ ಹಕ್ಕಿಗಳು ಮಾತ್ರ ತಲೆ ಎತ್ತದೆಯೇ ನುಂಗಿಬಿಡುತ್ತವೆ. ಅಂಥ ಕಡೆ ನುಂಗಿದ ಲೆಕ್ಕದ ಮುಂದೆ ಪ್ರಶ್ನಾರ್ಥಕ ಹಾಕಿ. ಊಹೆ ಮಾಡಿ ಅಂಕಿ ತುಂಬುವುದಕ್ಕಿಂತ ಅದು ಸಾವಿರ ಪಾಲು ಮೇಲು.

ತಲೆ ಎತ್ತಿದ ಲೆಕ್ಕ ನಿಮ್ಮ ಬಗ್ಗೆಯೂ ಹೇಳುತ್ತದೆ. ಐದು ನಿಮಿಷದಿಂದ ಐದು ನಿಮಿಷಕ್ಕೆ ಅದು ಏರುತ್ತಾ ಹೋದರೆ ನೀವು ಜಾಸ್ತಿ ಹತ್ತಿರ ಇದ್ದೀರಿ, ಇಲ್ಲವೇ ಜಾಸ್ತಿ ಅಲ್ಲಾಡುತ್ತಿದ್ದೀರಿ.

## ಇವು ಕಂಡರೆ ಅಲ್ಲಿಗೇ ನಿಲ್ಲಿಸಿ

ಗೊತ್ತಿಲ್ಲದ ಕೆಸರು. ಮೇಲೆ ಒಣಗಿದ ಹಾಗೆ ಬಿರುಕು ಬಿಟ್ಟ ಕೆಸರಿನ ಕೆಳಗೆ ಸೊಂಟದಷ್ಟು ಮೆತ್ತಗಿನ ಕೆಸರು ಇರಬಹುದು. ಹಕ್ಕಿ ಓಡಾಡುತ್ತಿದೆ ಅಂತ ನಂಬಿ ಕಾಲಿಡಬೇಡಿ. ಅಳಿವೆಯಲ್ಲಿ ಉಬ್ಬರದ ನೀರು ನಿಮ್ಮ ಬೆನ್ನ ಹಿಂದಿನ ಕಾಲುವೆಯಲ್ಲಿ ಮೊದಲು ತುಂಬುತ್ತದೆ, ವಾಪಸ್ ಬರುವ ದಾರಿಯೇ ಮುಚ್ಚಿಹೋಗುತ್ತದೆ.

ಕತ್ತು ಬಿದ್ದ ಹಕ್ಕಿ. ಕತ್ತು ಎತ್ತಲಾರದೆ, ರೆಕ್ಕೆ ಜೋತುಬಿದ್ದು, ಹತ್ತಿರ ಹೋದರೂ ಹಾರದ ಬಾತುಗಳು ಕಂಡರೆ ಬಾಟ್ಯುಲಿಸಂ (ಬ್ಯಾಕ್ಟೀರಿಯಾದ ವಿಷದಿಂದ ಸ್ನಾಯು ಸೋಲುವ ರೋಗ) ಇರಬಹುದು, ಹಕ್ಕಿಜ್ವರವೂ ಇರಬಹುದು. ಮುಟ್ಟಬೇಡಿ, ಸತ್ತ ಹಕ್ಕಿಯನ್ನೂ ಮುಟ್ಟಬೇಡಿ. ಎಷ್ಟು, ಎಲ್ಲಿ, ಯಾವ ಹೊತ್ತು ಅಂತ ಬರೆದುಕೊಂಡು ವನ್ಯಜೀವಿ ಅಥವಾ ಪಶುವೈದ್ಯ ಅಧಿಕಾರಿಗಳಿಗೆ ತಿಳಿಸಿ. ಚೆಲ್ಲಿದ ಬಣ್ಣದ ಹಾಗೆ ಹಸಿರು ಕೆನೆ ಕಟ್ಟಿದ ನೀರಿನಿಂದಲೂ ದೂರವಿರಿ, ಅದು ವಿಷದ ಪಾಚಿ ಇರಬಹುದು.

ರೆಕ್ಕೆ ಮುರಿದವರ ಹಾಗೆ ಎಳೆಯುತ್ತಾ ಓಡುವ ಹಕ್ಕಿ. ಪ್ಲೋವರ್ ಹೀಗೆ ಮಾಡಿದರೆ ಹತ್ತಿರದಲ್ಲೇ ನೆಲದ ಮೇಲೆ ಮೊಟ್ಟೆಯೋ ಮರಿಯೋ ಇದೆ, ನಿಮ್ಮನ್ನು ಆಚೆ ಕರೆದೊಯ್ಯಲು ನೋಡುತ್ತಿದೆ. ಮೆಟ್ಟುಗಾಲು, ಟಿಟ್ಟಿಭ ತಲೆಯ ಮೇಲೆ ಕೂಗುತ್ತಾ ಸುತ್ತಿದರೂ ಅದೇ ಅರ್ಥ. ಗೂಡು ಹುಡುಕಬೇಡಿ. ಕಾಲಿಡುವ ಜಾಗ ನೋಡಿಕೊಂಡು, ಬಂದ ಹೆಜ್ಜೆಯಲ್ಲೇ ಹಿಂದೆ ಹೋಗಿ.

ಬ್ರೆಡ್ ಎಸೆದು ಹತ್ತಿರ ಕರೆಯುವುದು, ಫೋನಿನಲ್ಲಿ ಹಕ್ಕಿಯ ಕೂಗು ಹಾಕುವುದು, ಡ್ರೋನ್ ಹಾರಿಸುವುದು, ನಾಯಿಯನ್ನು ಬಿಡುವುದು ಯಾವುದೂ ಬೇಡ. ಬ್ರೆಡ್ ತಿನ್ನುವ ಬಾತನ್ನು ನೋಡುವುದಕ್ಕೆ ಇಷ್ಟೆಲ್ಲ ಸಿದ್ಧತೆ ಯಾಕೆ ಬೇಕು, ಅಲ್ವಾ?

## ಕೊನೆಯ ಹಂತ: ಏಳುವುದು

ಒಂದೂವರೆ ಗಂಟೆ ಕದಲದೆ ಕೂತು, ಕೊನೆಗೆ ದಡಕ್ಕನೆ ಎದ್ದು ಮೈ ಮುರಿದು ಎಲ್ಲವನ್ನೂ ಹಾರಿಸಿದವರನ್ನು ನೋಡಿದ್ದೇನೆ, ಬೇಜಾರಾಗುತ್ತದೆ. ಹತ್ತಿರದ ಹಕ್ಕಿಗಳು ತುಸು ಆಚೆ ಸಾಗುವವರೆಗೆ ಕಾಯಿರಿ. ಸಾಮಾನನ್ನೆಲ್ಲ ಕೂತಲ್ಲೇ ಚೀಲಕ್ಕೆ ಹಾಕಿ. ಬಗ್ಗಿಕೊಂಡೇ ಎದ್ದು, ಪೊದೆಯ ಮರೆಯಿಂದ ಹಿಂದಕ್ಕೆ ಹೆಜ್ಜೆ ಇಡಿ. ಐವತ್ತು ಹೆಜ್ಜೆ ಹೋದ ಮೇಲೆ ತಿರುಗಿ ಬೈನಾಕ್ಯುಲರಿನಲ್ಲಿ ಒಮ್ಮೆ ನೋಡಿ. ತಲೆಗಳು ಕೆಳಗೇ ಇದ್ದರೆ ನೋಟ್‌ಬುಕ್ಕಿನಲ್ಲಿ ಕೂತ ಜಾಗದ ಗುರುತು ಬರೆದುಕೊಳ್ಳಿ, ಮುಂದಿನ ಸಲವೂ ಅಲ್ಲೇ ಕೂರಬಹುದು. ಎತ್ತಿದ್ದರೆ ಅದನ್ನೂ ಬರೆಯಿರಿ, ಮುಂದಿನ ಸಲ ಇಪ್ಪತ್ತು ಹೆಜ್ಜೆ ಹಿಂದೆ ಕೂರಿ.